ವರ್ಷಕ್ಕೆ ಮೂರು ಸೆಂಟಿಮೀಟರ್

"ಇಷ್ಟು ನೀಟಾಗಿ ರೆಕಾರ್ಡ್ ಇಟ್ಟಿರೋ ತಂದೇನ ನಾನು ಈ ಆಸ್ಪತ್ರೇಲಿ ನೋಡೇ ಇಲ್ಲ, ಅಂಕಲ್," ಎಂದಳು ಡಾಕ್ಟರ್ ಸ್ಫೂರ್ತಿ.

ಅವಳ ಕೈಯಲ್ಲಿ ಹಸಿರು ರಟ್ಟಿನ ಫೈಲಿತ್ತು. ಮಹಂತೇಶ್ ಅದನ್ನು ದಿಲ್ಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಿಂದ ತಂದು ಅರ್ಧ ಗಂಟೆಯೂ ಆಗಿರಲಿಲ್ಲ. ಆಟೋದಲ್ಲಿ ಬೆವತ ಅಂಗಿ ಇನ್ನೂ ಬೆನ್ನಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ಮಗಳು ಮಾನ್ಯಾ ಬಿದ್ದಿದ್ದಳು. ತಲೆಸುತ್ತಿ ಬಿದ್ದದ್ದಲ್ಲ. ಕೈಕಾಲು ಸೆಟೆದು, ಕಣ್ಣು ಮೇಲಾಗಿ, ನಾಲಿಗೆ ಕಚ್ಚಿಕೊಂಡು, ಬಿಳಿ ಶರಟಿನ ಮೇಲೆಲ್ಲ ರಕ್ತ ಮಾಡಿಕೊಂಡಿದ್ದಳಂತೆ. ಶಾಲೆಯವರು ಅಲ್ಲಿಂದಲೇ ಈ ದೊಡ್ಡ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ತಂದು ಸೇರಿಸಿದ್ದರು. ಮೊದಲು ತಲುಪಿದ ಹೆಂಡತಿ ವೈಜಯಂತಿ ಅವನ ಆಫೀಸಿಗೆ ಫೋನ್ ಮಾಡಿ, ಡಾಕ್ಟರು ಹಳೇ ಪೇಪರು ಕೇಳುತ್ತಿದ್ದಾರೆ, ಮನೆಗೆ ಹೋಗಿ ಇದ್ದದ್ದೆಲ್ಲ ತನ್ನಿ ಎಂದಿದ್ದಳು.

ಮಹಂತೇಶ್ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಪೇಪರು ಕೇಳಿದರೆ ಪೇಪರು ತರುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಒಳಗೆ ಏನಿದೆ ಎಂದು ಯೋಚಿಸದೆ ಮಗಳ ಹೆಸರಿನ ಇಡೀ ಫೈಲು ಎತ್ತಿಕೊಂಡು ಬಂದಿದ್ದ.

ಒಳಗೆ ಜನನ ಪತ್ರವಿತ್ತು, ಚಿಕ್ಕಂದಿನ ಲಸಿಕೆಯ ಕಾರ್ಡಿತ್ತು, ಅವುಗಳ ಮೇಲೆ ಶಾಲೆಯ ವಾರ್ಷಿಕ ಆರೋಗ್ಯ ತಪಾಸಣೆಯ ಐದು ಫಾರ್ಮುಗಳ ನಕಲುಗಳಿದ್ದವು, ಏಳನೇ ತರಗತಿಯಿಂದ ಹನ್ನೊಂದರವರೆಗೆ. ಪ್ರತಿಯೊಂದರಲ್ಲೂ ಎತ್ತರ, ತೂಕ, ರಕ್ತದೊತ್ತಡ, ಮೂತ್ರ, ದೃಷ್ಟಿ, ಹಲ್ಲು. ಪ್ರತಿಯೊಂದರ ಕೆಳಗೆ ಡಾಕ್ಟರ ಸಹಿ, ನೇರಳೆ ಬಣ್ಣದ ಮೊಹರು. ಕೊನೆಯದಕ್ಕೆ ಈ ಜುಲೈ ನಾಲ್ಕರ ತಾರೀಖು. ಇವತ್ತು ಒಂಬತ್ತು.

ಸ್ಫೂರ್ತಿ ದಾವಣಗೆರೆಯವಳು. ಇಲ್ಲಿ ಕಿಡ್ನಿ ವಿಭಾಗದಲ್ಲಿ ಓದುತ್ತಲೇ ಕೆಲಸ ಮಾಡುವ ಕಿರಿಯ ಡಾಕ್ಟರು. ಕೇಸ್ ಪೇಪರಿನಲ್ಲಿ ಹೆಸರು ನೋಡಿ ನೇರ ಕನ್ನಡದಲ್ಲೇ ಮಾತು ಶುರು ಮಾಡಿದ್ದಳು. ವೈಜಯಂತಿ ಅವಳ ಕೈ ಹಿಡಿದುಕೊಂಡದ್ದು ಬಿಟ್ಟಿರಲಿಲ್ಲ. ಮಾನ್ಯಾಳ ಬಿಪಿ ನೂರಾ ತೊಂಬತ್ತಾರು, ನೂರಾ ಇಪ್ಪತ್ತನಾಲ್ಕು. ಫಿಟ್ಸ್ ಬಂದದ್ದು ಅದರಿಂದಲೇ ಎಂದು ಸ್ಫೂರ್ತಿ ಹೇಳಿದಳು. ರಕ್ತದ ರಿಪೋರ್ಟು ಬಂದಿತ್ತು. ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತುಹೋಗಿದ್ದವು.

ಹದಿನಾರು ವರ್ಷದ ಹುಡುಗಿಗೆ ಬಿಪಿ ಇರುತ್ತದೆಯೇ ಎಂದು ವೈಜಯಂತಿ ಕೇಳಿದಳು. ಆ ಪ್ರಶ್ನೆಯನ್ನು ಅವಳು ಆಮೇಲೆ ಇನ್ನೂ ಮೂರು ಸಲ ಕೇಳಿದಳು.

ಸ್ಫೂರ್ತಿ ಇಬ್ಬರನ್ನೂ ಕಾರಿಡಾರಿನ ಗೋಡೆಗೆ ನಿಲ್ಲಿಸಿಕೊಂಡು ವಿವರಿಸಿದಳು.

"ಕಿಡ್ನಿ ಎರಡು ಥರ ಕೆಡುತ್ತೆ ಆಂಟಿ. ಒಂದು, ವರ್ಷಗಟ್ಟಲೆ, ಒಳಗೊಳಗೇ. ಹಾಗೆ ಹೋದದ್ದು ವಾಪಸ್ ಬರಲ್ಲ. ಇನ್ನೊಂದು, ಕೆಲವೇ ದಿನದಲ್ಲಿ. ಅದಕ್ಕೆ ತಕ್ಷಣ ಸ್ಟ್ರಾಂಗ್ ಔಷಧಿ ಶುರು ಮಾಡಿದ್ರೆ ಕಿಡ್ನಿ ವಾಪಸ್ ಬರೋ ಚಾನ್ಸ್ ಇದೆ. ರಕ್ತ ಇಷ್ಟು ಕಮ್ಮಿ ಇರೋದು, ಮೈಕಟ್ಟು ಇಷ್ಟು ಸಣ್ಣ ಇರೋದು ನೋಡಿ ನಂಗೆ ಮೊದಲನೇದು ಅಂತಲೇ ಅನ್ನಿಸಿತ್ತು. ಆದ್ರೆ ಐದು ದಿನದ ಹಿಂದೆ ಬಿಪಿ ನೂರಾ ಹತ್ತು ಎಪ್ಪತ್ತು. ಯೂರಿನ್ ಕ್ಲಿಯರ್. ಐದು ವರ್ಷದಿಂದ ಎಲ್ಲಾ ನಾರ್ಮಲ್, ವರ್ಷವರ್ಷ ಸರಿಯಾಗಿ ಬೆಳೆದಿದಾಳೆ. ಅಂದ್ರೆ ಇದು ಹೊಸ ಕಾಯಿಲೆ."

ಎಮರ್ಜೆನ್ಸಿಯ ಹಳೇ ಸ್ಕ್ಯಾನ್ ಯಂತ್ರದಲ್ಲಿ ಕಿಡ್ನಿ ಸರಿಯಾಗಿ ಕಾಣಲಿಲ್ಲವೆಂದೂ, ದೊಡ್ಡ ಸ್ಕ್ಯಾನಿಗೆ ನಾಳೆ ಬೆಳಿಗ್ಗೆ ಸರದಿ ಸಿಕ್ಕಿದೆಯೆಂದೂ, ಆದರೆ ಅಷ್ಟರವರೆಗೆ ಕಾಯುವುದು ಬೇಡ, ಒಂದೊಂದು ಗಂಟೆಯೂ ಮುಖ್ಯ ಎಂದು ಹಿರಿಯ ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆಂದೂ ಅವಳು ಹೇಳಿದಳು. ಔಷಧಿ ಸಾಮಾನ್ಯದ್ದಲ್ಲ. ಮೈಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವಂಥದ್ದು. ಸೋಂಕು ತಗುಲಿದರೆ ಕಷ್ಟ. ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಆಗಬಹುದು. ಅದಕ್ಕೇ ತಂದೆತಾಯಿಯ ಸಹಿ ಬೇಕು.

"ಆದ್ರೆ ನೀವು ರೆಕಾರ್ಡ್ ಇಟ್ಟಿದ್ದಕ್ಕೆ ನಾವು ಇಷ್ಟು ಧೈರ್ಯ ಮಾಡ್ತಿರೋದು," ಎಂದು ಫೈಲು ತಟ್ಟಿ ಒಳಗೆ ಹೋದಳು.

ಆ ಫಾರ್ಮುಗಳು ಹೇಗೆ ತುಂಬಿದವು ಎಂಬುದು ಕ್ವಾರ್ಟರ್ಸಿನ ಆ ಬ್ಲಾಕಿನ ಕನ್ನಡದ ಮನೆಗಳಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಮುಚ್ಚಿಡುವಂಥದ್ದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮಾನ್ಯಾ ಏಳರಲ್ಲಿದ್ದಾಗ ಶಾಲೆಯಲ್ಲಿ ಆಟದ ಮೇಷ್ಟ್ರು ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಂಡಿದ್ದರು. ನೂರಾ ನಲವತ್ತಮೂರು. ಮಿಕ್ಕದ್ದನ್ನು ಡಾಕ್ಟರ ಹತ್ತಿರ ಮಾಡಿಸಿ ತನ್ನಿ ಎಂದು ಫಾರ್ಮು ಕಳಿಸಿದ್ದರು. ಮಹಂತೇಶ್ ಮಗಳನ್ನು ಕರೆದುಕೊಂಡು ಮಾರ್ಕೆಟ್ಟಿನ ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಕೂರುವ ವಯಸ್ಸಾದ ಡಾಕ್ಟರ ಬಳಿ ಹೋದ. ಡಾಕ್ಟರು ಊಟ ಮಾಡುತ್ತಿದ್ದರು. ಫಾರ್ಮು ತುಂಬಿ ತನ್ನಿ, ಸಹಿ ಹಾಕುತ್ತೇನೆ ಎಂದು ಹಿಂದಿಯಲ್ಲಿ ಅಂದರು. ಮಹಂತೇಶ್ ಅಂಗಡಿಯ ಗಾಜಿನ ಮೇಜಿನ ಮೇಲೇ ತುಂಬಿದ. ಡಾಕ್ಟರು ಎಡಗೈಯಲ್ಲಿ ಮೊಹರು ಒತ್ತಿದರು.

ಮುಂದಿನ ವರ್ಷ ಈ ಸುಲಭದ ದಾರಿ ನೆರೆಮನೆಯ ಗುಂಡಣ್ಣನಿಗೂ ತಿಳಿಯಿತು. ಗುಂಡಣ್ಣ ಇನ್ನೊಂದು ಇಲಾಖೆಯಲ್ಲಿ ಕ್ಲರ್ಕು. ಅವನ ಮಗ ಸುದರ್ಶನ್‌ನ ಫಾರ್ಮೂ ಬಂತು. ಅದರ ಮುಂದಿನ ವರ್ಷ ಏಳು ಮನೆಯ ಫಾರ್ಮು, ಆಮೇಲೆ ಹನ್ನೊಂದರದು. ಜುಲೈನ ಮೊದಲ ಭಾನುವಾರ ಎಲ್ಲರೂ ಮಹಂತೇಶನ ಊಟದ ಮೇಜಿನ ಸುತ್ತ ಸೇರುತ್ತಿದ್ದರು. ವೈಜಯಂತಿ ಉಪ್ಪಿಟ್ಟು, ಕಾಫಿ ಕೊಡುತ್ತಿದ್ದಳು. ಮಕ್ಕಳು ಆಚೆ ಆಡುತ್ತಿದ್ದರು, ಅಪ್ಪಂದಿರು ಒಳಗೆ ಅವರ ಆರೋಗ್ಯ ಬರೆಯುತ್ತಿದ್ದರು. ಗುಂಡಣ್ಣ ಅದಕ್ಕೆ ಮಹಂತೇಶರ ಡಿಸ್ಪೆನ್ಸರಿ ಎಂದು ಹೆಸರಿಟ್ಟಿದ್ದ. "ನಮ್ಮ ಡಾಕ್ಟರು ರೋಗಿ ಮುಖ ನೋಡಲ್ಲ, ಹಸ್ತಾಕ್ಷರ ನೋಡ್ತಾರೆ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಕೆಲಸ ಮಾತ್ರ ಮಹಂತೇಶ್ ಶ್ರದ್ಧೆಯಿಂದಲೇ ಮಾಡುತ್ತಿದ್ದ. ಹಳೇ ಫಾರ್ಮು ಎದುರಿಗಿಟ್ಟುಕೊಂಡು ಎತ್ತರಕ್ಕೆ ಮೂರು ಸೆಂಟಿಮೀಟರ್, ತೂಕಕ್ಕೆ ಮೂರು ಕಿಲೋ ಸೇರಿಸುತ್ತಿದ್ದ. ಬಿಪಿ ಯಾವಾಗಲೂ ನೂರಾ ಹತ್ತು, ಎಪ್ಪತ್ತು. ಒಂದು ವರ್ಷ ಮಾತ್ರ ನೂರಾ ಹನ್ನೆರಡು, ಎಪ್ಪತ್ತೆರಡು. ಒಂದೇ ಅಂಕಿ ಪ್ರತಿವರ್ಷ ಕಂಡರೆ ನೋಡುವವರಿಗೆ ಅನುಮಾನ ಬರುತ್ತದೆ ಎಂಬುದು ಅವನ ಆಫೀಸಿನ ಅನುಭವ.

ಒಂಬತ್ತನೇ ತರಗತಿಯಿಂದ ಬರೆಯುವವಳು ಮಾನ್ಯಾ. ಅವಳ ಅಕ್ಷರ ಅಪ್ಪನದಕ್ಕಿಂತ ಚೆನ್ನಾಗಿತ್ತು. ಅವನು ಹೇಳುವುದು, ಅವಳು ಬರೆಯುವುದು. ಹೋದ ವಾರ ನೂರಾ ಐವತ್ತೈದು ಎಂದಾಗ ಅವಳು ಪೆನ್ನು ನಿಲ್ಲಿಸಿ ನಕ್ಕಿದ್ದಳು. "ಪಪ್ಪಾ, ಮೈ ಇತನೀ ಲಂಬೀ ನಹೀ ಹೂಂ. ಅಷ್ಟು ಉದ್ದ ಎಲ್ಲಿದೀನಿ?"

"ಬರಿ. ಬೆಳೀತೀಯಲ್ಲ," ಎಂದಿದ್ದ ಮಹಂತೇಶ್.

ಈಗ ಕಾರಿಡಾರಿನಲ್ಲಿ ಅವನು ಹೆಂಡತಿಯ ಕಡೆ ತಿರುಗಿದ.

"ವೈಜೂ, ಆ ಫಾರ್ಮು..."

"ಸುಮ್ಮನಿರಿ," ಎಂದಳು ವೈಜಯಂತಿ. ಅವಳು ಅವನ ಮುಖ ನೋಡಲಿಲ್ಲ. "ವಾಪಸ್ ಬರುತ್ತೆ ಅಂತಿದಾರೆ ಡಾಕ್ಟ್ರು. ನೀವು ಸುಮ್ಮನಿರಿ."

ಅವಳಿಗೂ ಎಲ್ಲ ಗೊತ್ತಿತ್ತು. ಉಪ್ಪಿಟ್ಟಿನ ತಟ್ಟೆಗಳನ್ನು ಆ ಫಾರ್ಮುಗಳ ಪಕ್ಕದಲ್ಲೇ ಇಟ್ಟವಳು. ಆದರೆ ಡಾಕ್ಟರು ಆ ಅಂಕಿಗಳನ್ನು ಗಟ್ಟಿಯಾಗಿ ಓದಿದ ಮೇಲೆ ಅವು ಊಟದ ಮೇಜಿನ ಅಂಕಿಗಳಾಗಿ ಉಳಿದಿರಲಿಲ್ಲ. ಐದು ದಿನದ ಹಿಂದೆ ಮಗಳು ಚೆನ್ನಾಗಿದ್ದಳು ಎಂದು ಆಸ್ಪತ್ರೆಯೇ ಹೇಳುತ್ತಿತ್ತು. ಮಹಂತೇಶನಿಗೂ ಅದು ನಿಜವೇ ಇರಬಹುದು ಎನ್ನಿಸತೊಡಗಿತು. ಯಾರೂ ಅಳೆದಿಲ್ಲ, ಸರಿ. ಅಳೆದಿದ್ದರೆ ಅಷ್ಟೇ ಬರುತ್ತಿತ್ತೇನೋ. ನೋಡದೆ ಬರೆದದ್ದೆಲ್ಲ ಸುಳ್ಳೇ ಆಗಬೇಕೆಂದೇನೂ ಇಲ್ಲವಲ್ಲ.

ಹಾಗೆ ಯೋಚಿಸುತ್ತಲೇ ಬೇರೆ ಸಂಗತಿಗಳು ಒಂದೊಂದಾಗಿ ನೆನಪಾದವು. ಬೆಳಿಗ್ಗೆ ಎದ್ದಾಗ ಅವಳ ಕಣ್ಣ ಕೆಳಗಿನ ಊತ. ಮೊಬೈಲ್ ನೋಡಿ ನೋಡಿ ಎಂದು ಬೈದಿದ್ದರು. ತಲೆನೋವು, ಕನ್ನಡಕದ ಅಂಗಡಿಯಲ್ಲಿ ಪುಕ್ಕಟೆ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸಿದ್ದರು. ರಾತ್ರಿ ಮೂರು ನಾಲ್ಕು ಸಲ ಬಾತ್‌ರೂಮಿಗೆ ಹೋಗುವುದು, ಪರೀಕ್ಷೆಯ ಹೆದರಿಕೆ ಎಂದುಕೊಂಡಿದ್ದರು. ಎಂಟನೇ ತರಗತಿಯಲ್ಲಿ ಹೊಲಿಸಿದ ಯೂನಿಫಾರ್ಮಿನ ಸ್ಕರ್ಟು ಹನ್ನೊಂದರಲ್ಲೂ ಸರಿಹೋಗುತ್ತಿತ್ತು. ನಮ್ಮ ಹುಡುಗಿ ಬಟ್ಟೆ ಎಷ್ಟು ಜೋಪಾನ ಮಾಡ್ತಾಳೆ ಎಂದು ವೈಜಯಂತಿ ಪಕ್ಕದ ಮನೆಯವರಿಗೆ ಹೇಳಿದ್ದಳು.

ಒಳಗಿಂದ ಸ್ಫೂರ್ತಿ ಕರೆದಳು. ಔಷಧಿಯ ಪ್ರಮಾಣ ಲೆಕ್ಕ ಹಾಕಲು ಎತ್ತರ, ತೂಕ ಬೇಕಿತ್ತು. ಮಾನ್ಯಾ ಮಂಚದ ಮೇಲೆ ಅರೆಗಣ್ಣು ತೆರೆದು ಮಲಗಿದ್ದಳು. ತುಟಿ ಬಾತಿತ್ತು. ಮಲೆಯಾಳಿ ಸಿಸ್ಟರ್ ಒಬ್ಬಳು ನೆತ್ತಿಯಿಂದ ಹಿಮ್ಮಡಿವರೆಗೆ ಟೇಪು ಹಿಡಿದಳು.

"ಏಕ್ ಸೌ ಪೈಂತಾಲೀಸ್."

ಸ್ಫೂರ್ತಿ ಫಾರ್ಮು ನೋಡಿದಳು. ಅದರಲ್ಲಿ ನೂರಾ ಐವತ್ತೈದು ಎಂದಿತ್ತು. ಮತ್ತೊಮ್ಮೆ ಹಿಡಿಯಲು ಹೇಳಿದಳು. ಸಿಸ್ಟರ್ ಹಿಡಿದಳು. ನೂರಾ ನಲವತ್ತೈದೇ. ಮಂಚವನ್ನೇ ತೂಗುವ ಯಂತ್ರದಲ್ಲಿ ತೂಕ ಮೂವತ್ತನಾಲ್ಕು ಬಂತು. ಫಾರ್ಮಿನಲ್ಲಿ ನಲವತ್ತಾರು.

"ಐದು ದಿನದಲ್ಲಿ ಹತ್ತು ಸೆಂಟಿಮೀಟರ್ ಕಮ್ಮಿ ಆಗಲ್ಲವಲ್ಲ," ಎಂದು ಸ್ಫೂರ್ತಿ ತನಗೇ ಹೇಳಿಕೊಂಡಳು. ಸಿಸ್ಟರಿಗೆ ಮೂರನೇ ಸಲ ಹಿಡಿಯಲು ಹೇಳಿದಾಗ ಅವಳಿಗೆ ಸಿಟ್ಟು ಬಂತು.

"ಮ್ಯಾಡಮ್, ಟೇಪ್ ಝೂಠ್ ನಹೀ ಬೋಲತಾ," ಟೇಪು ಸುಳ್ಳು ಹೇಳುವುದಿಲ್ಲ ಎಂದಳು.

ಸ್ಫೂರ್ತಿ ಮಂಚದ ಪಕ್ಕ ಬಗ್ಗಿದಳು. "ಮಾನ್ಯಾ, ಪುಟ್ಟಾ. ಹೋದ ವಾರ ಡಾಕ್ಟರ್ ಹತ್ರ ಹೋಗಿದ್ಯಲ್ಲ. ಗೋಡೆಗೆ ನಿಲ್ಲಿಸಿ ಎತ್ತರ ನೋಡಿದ್ರಾ? ಕೈಗೆ ಪಟ್ಟಿ ಕಟ್ಟಿ ಬಿಪಿ ನೋಡಿದ್ರಾ?"

ಮಾನ್ಯಾಳ ಕಣ್ಣು ನಿಧಾನವಾಗಿ ಹೊರಳಿ ಅಪ್ಪನನ್ನು ಹುಡುಕಿತು. ಸಿಕ್ಕಿದ ಮೇಲೆ ಅಲ್ಲೇ ನಿಂತಿತು.

"ಹಾಂ," ಎಂದಳು. ನಾಲಿಗೆಯ ಗಾಯದಿಂದ ಮಾತು ತೊದಲಿತು. "ದೇಖಾ ಥಾ. ಸಬ್ ನಾರ್ಮಲ್ ಥಾ."

ಮಹಂತೇಶ್ ಮಂಚದ ಕಂಬಿ ಹಿಡಿದುಕೊಂಡ. ಡಾಕ್ಟರು ನೋಡಿದ್ದರು, ಎಲ್ಲ ಸರಿ ಇತ್ತು ಎನ್ನು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಸಿಕ್ಕಿಬೀಳಬಾರದು ಎಂದು ಅವಳೇ ತೀರ್ಮಾನ ಮಾಡಿದ್ದಳು. ಫಿಟ್ಸ್ ಬಂದು ನಾಲ್ಕು ಗಂಟೆಯಾಗಿತ್ತು, ಮೂತ್ರ ಬರುತ್ತಿರಲಿಲ್ಲ, ಕಣ್ಣು ಬಿಡಲೂ ಶಕ್ತಿ ಇರಲಿಲ್ಲ. ಅಂಥದ್ದರಲ್ಲಿ ಇಷ್ಟನ್ನು ಯೋಚಿಸಿದ್ದಳು.

ಸ್ಫೂರ್ತಿ ಹುಬ್ಬು ಗಂಟಿಕ್ಕಿ ಆಚೆ ಹೋಗಿ ಹಿರಿಯ ಡಾಕ್ಟರಿಗೆ ಫೋನ್ ಮಾಡಿದಳು. ಆ ಕಡೆಯವರು ಏನಂದರೋ ಕೇಳಿಸಲಿಲ್ಲ. ಇವಳು ಎರಡು ಸಲ "ಆದ್ರೆ ಸರ್" ಎಂದಳು, ಆಮೇಲೆ "ಓಕೆ ಸರ್" ಎಂದಳು. ಮಲಗಿಸಿ ಅಳೆದದ್ದರಲ್ಲಿ ಏನೋ ತಪ್ಪಾಗಿರಬೇಕು, ಸದ್ಯಕ್ಕೆ ಕಡಿಮೆ ತೂಕದ ಲೆಕ್ಕದಲ್ಲೇ ಶುರು ಮಾಡೋಣ ಎಂದು ಬಂದು ಹೇಳಿದಳು. ಸಿಸ್ಟರ್ ಔಷಧಿಯ ಬಾಟಲಿ ತಂದು ಸ್ಟ್ಯಾಂಡಿಗೆ ನೇತುಹಾಕಿದಳು. ಕೊಳವೆಯನ್ನು ಇನ್ನೂ ಜೋಡಿಸಿರಲಿಲ್ಲ.

"ಇಲ್ಲಿ ಸೈನ್ ಮಾಡಿ ಅಂಕಲ್."

ಒಪ್ಪಿಗೆ ಪತ್ರ ಎರಡು ಹಾಳೆಯದು. ಬೇರೆಯವರಾಗಿದ್ದರೆ ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಮಹಂತೇಶ್ ಓದದೆ ಸಹಿ ಹಾಕುವವನಲ್ಲ. ಎರಡನೇ ಪ್ಯಾರಾಕ್ಕೆ ಬಂದ. ಹಿಂದಿನ ದಾಖಲೆಗಳನ್ನು ಪರಿಶೀಲಿಸಲಾಗಿದೆ. ಜುಲೈ ನಾಲ್ಕರವರೆಗೆ ರಕ್ತದೊತ್ತಡ, ಮೂತ್ರ ಸಹಜ. ಆದ್ದರಿಂದ ಕಾಯಿಲೆ ಇತ್ತೀಚಿನದೆಂದು ಭಾವಿಸಿ ಚಿಕಿತ್ಸೆ.

ಆಫೀಸಿನಲ್ಲಿ ಇದನ್ನು ಅವನು ಎಷ್ಟೋ ಸಲ ನೋಡಿದ್ದ. ಕೆಳಗಿನ ಯಾವನೋ ಕ್ಲರ್ಕು ಅವಸರದಲ್ಲಿ ಒಂದು ಅಂಕಿ ಹಾಕುತ್ತಾನೆ. ಅದನ್ನು ನಂಬಿ ಮೇಲಿನವನು ಟಿಪ್ಪಣಿ ಬರೆಯುತ್ತಾನೆ, ಅದನ್ನು ನಂಬಿ ಇನ್ನೂ ಮೇಲಿನವನು ಆದೇಶ ಕೊಡುತ್ತಾನೆ. ಕೊನೆಗೆ ಆ ಅಂಕಿ ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಈ ಅಂಕಿ ಎಲ್ಲಿಂದ ಬಂತು ಎಂದು ಅವನಿಗೆ ಗೊತ್ತಿತ್ತು. ಅದರ ಆದೇಶ ಸ್ಟ್ಯಾಂಡಿನಲ್ಲಿ ನೇತಾಡುತ್ತಿತ್ತು.

ಪಕ್ಕದಲ್ಲಿ ವೈಜಯಂತಿ ಅವನ ತೋಳು ಹಿಡಿದಳು. ಬೆರಳುಗಳು ಒಳಗಿಳಿಯುವಷ್ಟು ಗಟ್ಟಿಯಾಗಿ.

"ಡಾಕ್ಟ್ರೇ, ಆ ಫಾರ್ಮು ತುಂಬಿದ್ದು ನಾನು," ಎಂದ.

"ತುಂಬೋದು ಪೇರೆಂಟ್ಸೇ ಅಲ್ವಾ. ಡಾಕ್ಟರ್ ನೋಡಿ ಸೈನ್..."

"ಯಾರೂ ನೋಡಿಲ್ಲ."

ಸ್ಫೂರ್ತಿಗೆ ಅರ್ಥವಾಗಲಿಲ್ಲ. "ಈ ವರ್ಷದ್ದಾ?"

"ಎಲ್ಲಾ ವರ್ಷದ್ದೂ."

"ಯೂರಿನ್ ಟೆಸ್ಟು?"

"ಯಾವತ್ತೂ ಕೊಟ್ಟಿಲ್ಲ."

"ಮತ್ತೆ ಈ ಹೈಟು? ನಲವತ್ತಾರು, ನಲವತ್ತೊಂಬತ್ತು, ಐವತ್ತೆರಡು... ಇದೆಲ್ಲ ಎಲ್ಲಿಂದ ಬಂತು?"

"ವರ್ಷಕ್ಕೆ ಮೂರು ಸೆಂಟಿಮೀಟರ್ ಸೇರಿಸಿದೆ," ಎಂದ ಮಹಂತೇಶ್. "ಲೆಕ್ಕ ತಪ್ಪಿ ಐವತ್ತೆರಡು ಎರಡು ಸಲ ಬಂದಿರಬಹುದು ಅಂತ ಹೋದ ವಾರ ಚೆಕ್ ಕೂಡ ಮಾಡಿದೆ."

ಏಕೆ ಅದನ್ನು ಹೇಳಿದನೋ ಅವನಿಗೇ ಗೊತ್ತಾಗಲಿಲ್ಲ.

ಸ್ಫೂರ್ತಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ. ಬಾಯಿ ಸ್ವಲ್ಪ ತೆರೆದೇ ಇತ್ತು. ಇಪ್ಪತ್ತೆಂಟು ವರ್ಷದ ಹುಡುಗಿ, ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡುವವಳು, ಸಾಯುವ ರೋಗಿಗಳನ್ನು ನೋಡಿ ಅಭ್ಯಾಸವಾದವಳು. ಆದರೂ ಆ ಐದು ಹಾಳೆಗಳನ್ನು ಒಂದೊಂದಾಗಿ ಮತ್ತೆ ತಿರುವಿ ನೋಡಿದಳು. ಆಮೇಲೆ ತಟ್ಟನೆ ತಿರುಗಿ, "ಸಿಸ್ಟರ್, ವೋ ಡ್ರಿಪ್ ಮತ್ ಲಗಾಇಏ. ಉತಾರ್ ದೀಜಿಏ," ಎಂದಳು. ಸಿಸ್ಟರ್ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿದಳು.

ವೈಜಯಂತಿ ಅವನ ತೋಳು ಬಿಟ್ಟಳು.

ಸ್ಫೂರ್ತಿ ಕೇಸ್ ಪೇಪರಿನಲ್ಲಿ ತಾನು ಬರೆದಿದ್ದ ಆರು ಸಾಲಿಗೆ ಅಡ್ಡಗೆರೆ ಎಳೆದಳು. ಹೊಸದಾಗಿ ಕೇಳತೊಡಗಿದಳು. ಈಗ ಅವಳು ಅಂಕಲ್ ಎನ್ನಲಿಲ್ಲ. ಚಿಕ್ಕಂದಿನಲ್ಲಿ ಪದೇಪದೇ ಜ್ವರ ಬರುತ್ತಿತ್ತೇ? ಬರುತ್ತಿತ್ತು. ಚಳಿಜ್ವರವೇ? ಹೌದು. ಮೂತ್ರ ಮಾಡುವಾಗ ಉರಿ ಎಂದು ಅಳುತ್ತಿದ್ದಳೇ? ಅಳುತ್ತಿದ್ದಳು, ಮೂರು ವರ್ಷದಲ್ಲಿ, ಆಮೇಲೆ ಐದರಲ್ಲಿ, ಎಂಟರಲ್ಲೂ ಒಮ್ಮೆ. ಪ್ರತಿಸಲ ಔಷಧದಂಗಡಿಯವನು ಕೊಟ್ಟ ಮಾತ್ರೆಗೆ ವಾಸಿಯಾಗಿತ್ತು.

"ನಿಜವಾಗಲೂ ಕೊನೇ ಸಲ ಇವಳ ಬಿಪಿ ನೋಡಿದ್ದು ಯಾವಾಗ?"

ಅವಳು ಕಾದಳು. ಆಮೇಲೆ ತಾನೇ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಒಂದೇ ಪದ. ತಲೆಕೆಳಗಾಗಿಯೇ ಮಹಂತೇಶ್ ಅದನ್ನು ಓದಿದ. ಎಂದೂ ಇಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಸ್ಕ್ಯಾನ್ ಆಯಿತು. ಸ್ಫೂರ್ತಿ ಹೆಬ್ಬೆರಳು, ತೋರುಬೆರಳಿನ ನಡುವೆ ಅಳತೆ ತೋರಿಸಿದಳು. ಈ ವಯಸ್ಸಿಗೆ ಹತ್ತು ಸೆಂಟಿಮೀಟರ್ ಇರಬೇಕಾದದ್ದು ಒಂದು ಆರು, ಇನ್ನೊಂದು ಐದೂವರೆ. ಒಣಗಿದ ಅಂಜೂರದಂತೆ ಸುಕ್ಕಾಗಿದ್ದವು. ಹುಟ್ಟಿನಿಂದಲೇ ಮೂತ್ರ ಕೆಳಗಿಳಿಯುವ ಬದಲು ಕಿಡ್ನಿಗೆ ಹಿಂದಿರುಗುತ್ತಿದ್ದಿರಬೇಕು, ಆ ಚಳಿಜ್ವರಗಳು ಅದರದ್ದೇ, ಒಂದೊಂದು ಜ್ವರವೂ ಕಿಡ್ನಿಯ ಒಂದೊಂದು ಮೂಲೆಯನ್ನು ಸುಟ್ಟಿದೆ, ಏರಿದ ಬಿಪಿ ಮಿಕ್ಕದ್ದನ್ನು ಮುಗಿಸಿದೆ ಎಂದಳು. ಮೈ ಬೆಳೆಯದಿರುವುದೂ ಅದರಿಂದಲೇ. ನಿನ್ನೆಯ ಔಷಧಿ ಕೊಟ್ಟಿದ್ದರೆ ಕಿಡ್ನಿಗೆ ಕವಡೆಯಷ್ಟೂ ಉಪಯೋಗವಾಗುತ್ತಿರಲಿಲ್ಲ. ಇಷ್ಟು ಸೋತ ಮೈಗೆ ಸೋಂಕು ಹತ್ತಿ ಪ್ರಾಣಕ್ಕೇ ಕುತ್ತು ಬರಬಹುದಿತ್ತು. ಇವತ್ತು ಮಧ್ಯಾಹ್ನದಿಂದಲೇ ಡಯಾಲಿಸಿಸ್. ಮುಂದೆ ಯಾರಾದರೂ ಒಬ್ಬರು ಕಿಡ್ನಿ ಕೊಡಬೇಕಾಗುತ್ತದೆ. ಅದಕ್ಕೆ ಇಬ್ಬರ ಪರೀಕ್ಷೆಯೂ ಆಗಬೇಕು.

"ಏಳನೇ ಕ್ಲಾಸಲ್ಲಿ ಒಂದು ಸಲ ಬಿಪಿ ನೋಡಿದ್ರೆ?" ಎಂದು ವೈಜಯಂತಿ ಕೇಳಿದಳು.

ಸ್ಫೂರ್ತಿ ಸ್ಕ್ಯಾನಿನ ರಿಪೋರ್ಟು ಮಡಿಸಿದಳು. "ಆಗ್ಲೇ ಏರಿರ್ತಿತ್ತು ಆಂಟಿ. ಗೊತ್ತಾಗಿದ್ರೆ ದಿನಕ್ಕೊಂದು ಮಾತ್ರೆ ಕೊಟ್ಟು ಹಿಡಿದಿಡಬಹುದಿತ್ತು. ಕಾಲೇಜು ಮುಗಿಯೋವರೆಗಾದ್ರೂ ಎಳೀಬಹುದಿತ್ತೇನೋ. ಎಷ್ಟು ವರ್ಷ ಅಂತ ಮಾತ್ರ ನನ್ನ ಕೇಳಬೇಡಿ."

ವೈಜಯಂತಿ ಅಳಲಿಲ್ಲ. ಬೆಂಚಿನ ಮೇಲೆ ಕೂತು, ಎದುರಿನ ಗೋಡೆಗೆ ಹೇಳುವಂತೆ, "ನಾನೂ ಅಲ್ಲೇ ಕಾಫಿ ಕೊಡ್ತಿದ್ನಲ್ಲ," ಎಂದಳು.

ಡಯಾಲಿಸಿಸ್‌ಗಾಗಿ ಕುತ್ತಿಗೆಗೆ ಕೊಳವೆ ಹಾಕಿದ್ದರು. ಅದು ಮುಗಿದು ವಾರ್ಡಿಗೆ ಬಂದ ಮಾನ್ಯಾಳ ಮುಖದ ಊತ ಇಳಿದಿತ್ತು. ಅಪ್ಪನನ್ನು ಹತ್ತಿರ ಕರೆದಳು.

"ಪಪ್ಪಾ, ಆಪ್ ನೇ ಕ್ಯೂಂ ಬತಾಯಾ? ಯಾಕೆ ಹೇಳಿದ್ರಿ? ನಾನು ಹೇಳಿದ್ನಲ್ಲ ನೋಡಿದ್ರು ಅಂತ."

ಅವನು ಹೊದಿಕೆಯನ್ನು ಅವಳ ಭುಜದವರೆಗೆ ಎಳೆದ. ಅವಳು ಕತ್ತು ಅಲುಗಿಸದೆ ಮೇಲೆ ನೋಡುತ್ತ ಮಲಗಿದ್ದಳು.

"ಸಚ್ ಮೇ ಎಷ್ಟಿದೀನಿ?"

"ನೂರಾ ನಲವತ್ತೈದು."

"ಕ್ಲಾಸಲ್ಲಿ ಎಲ್ಲಾ ಛೋಟೂ ಅಂತಾರೆ. ಹೋದ ವಾರ ನಾನು ನೂರಾ ಐವತ್ತೈದು ಇದೀನಿ, ಫಾರ್ಮಲ್ಲಿ ಲಿಖಾ ಹೈ ಅಂತ ಜಗಳ ಆಡಿದೀನಿ." ಸ್ವಲ್ಪ ತಡೆದು, "ಈಗ ಸ್ಟುಪಿಡ್ ಅನ್ನಿಸ್ತಿದೆ," ಎಂದಳು.

ಮೂರನೇ ದಿನ ಸಂಜೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಗುಂಡಣ್ಣ ಬಂದ. ರಜೆಗೆ ಹಾಸನಕ್ಕೆ ಹೋಗಿದ್ದವನು ಹಿಂದಿನ ದಿನವಷ್ಟೇ ದಿಲ್ಲಿಗೆ ಮರಳಿದ್ದ. ಸ್ಟೀಲ್ ಡಬ್ಬಿಯಲ್ಲಿ ವಾಂಗೀಬಾತ್ ತಂದಿದ್ದ. ಮಹಂತೇಶ್ ಅವನನ್ನು ಲಿಫ್ಟಿನ ಪಕ್ಕದ ಕಿಟಕಿಯ ಹತ್ತಿರ ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಹೇಳಿದ. ಫಾರ್ಮು ನೋಡಿ ಡಾಕ್ಟರು ಏನೆಂದುಕೊಂಡರು, ಮಗಳು ಏನೆಂದಳು, ಬಾಟಲಿ ಎಲ್ಲಿ ನೇತಾಡುತ್ತಿತ್ತು, ಎಲ್ಲ. ಗುಂಡಣ್ಣನ ಮುಖ ಬಿಳಿಚಿಕೊಂಡಿತು. ನಡುವೆ ಒಂದು ಸಲ ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಇಂಥ ಮಗುವಿಗೆ ಹೀಗಾಗಬಾರದಿತ್ತು ಎಂದ. ನಾಲ್ಕೈದು ಸಲ ಎಂದ. ಏನು ಬೇಕಾದರೂ ಹೇಳಿ, ಬ್ಲಾಕಿನವರೆಲ್ಲ ಇದ್ದೇವೆ ಎಂದ.

ಎದ್ದು ನಿಂತು, ಶರಟಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದ.

"ಇದನ್ನ ಈಗ ಕೇಳಬಾರದು ಮಹಂತೇಶ್ ಅವ್ರೇ. ನಾವು ಊರಲ್ಲಿದ್ವಲ್ಲ, ಸುದರ್ಶನ್‌ದು ಒಂದು ಉಳಿದುಬಿಟ್ಟಿದೆ. ಹದಿನೈದರೊಳಗೆ ಕೊಡಬೇಕಂತೆ. ಅವಸರ ಏನಿಲ್ಲ. ನೀವು ಫ್ರೀ ಆದಾಗ ಹಾಗೇ..."

ಮಹಂತೇಶ್ ಹಾಳೆಯನ್ನು ಬಿಚ್ಚಿದ. ಅದೇ ಫಾರ್ಮು. ಹೆಸರು, ತರಗತಿ ತುಂಬಿತ್ತು. ಮಿಕ್ಕದ್ದು ಖಾಲಿ. ಇವನು ಕೇಳಿಸಿಕೊಂಡಿದ್ದಾನೆಯೇ ಎಂದು ಒಂದು ಕ್ಷಣ ಅನುಮಾನ ಬಂತು. ಕೇಳಿಸಿಕೊಂಡಿದ್ದ. ಕಣ್ಣು ಇನ್ನೂ ಒದ್ದೆಯಾಗಿತ್ತು.

"ಸುದರ್ಶನ್ ಎಷ್ಟು ಎತ್ತರ ಇದಾನೆ, ಗುಂಡಣ್ಣ?"

"ಹೋದ ವರ್ಷದ ಫಾರ್ಮಲ್ಲಿ ಇರುತ್ತಲ್ಲ. ನೀವೇ ಬರ್ದಿದ್ದು," ಎಂದ ಗುಂಡಣ್ಣ.

ಮಹಂತೇಶ್ ಜೇಬಿನಿಂದ ಪೆನ್ನು ತೆಗೆದ. ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎತ್ತರದ ಮುಂದೆ ಅಳೆದಿಲ್ಲ ಎಂದು ಬರೆದ. ತೂಕದ ಮುಂದೆ, ರಕ್ತದೊತ್ತಡದ ಮುಂದೆ, ಮೂತ್ರದ ಮುಂದೆ, ಪ್ರತಿಯೊಂದರ ಮುಂದೆಯೂ ಅದನ್ನೇ ಬರೆದ. ಗೆರೆ ದಾಟದ ಅದೇ ದುಂಡು ಅಕ್ಷರ. ಗುಂಡಣ್ಣನ ಕೈಗೆ ಕೊಟ್ಟ.

"ಇದನ್ನ ಶಾಲೇಲಿ ತಗೊಳಲ್ಲ," ಎಂದ ಗುಂಡಣ್ಣ.

"ತಗೊಳಲ್ಲ."

"ಅವನು ಗಟ್ಟಿಯಾಗಿದಾನೆ ಮಾರಾಯ್ರೇ. ದಿನಾ ಕ್ರಿಕೆಟ್ ಆಡ್ತಾನೆ. ಮೂರು ಚಪಾತಿ ತಿಂತಾನೆ."

ಮಹಂತೇಶ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಒಪಿಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಹುಡುಗನನ್ನು ಕರೆದುಕೊಂಡು ಬನ್ನಿ, ಚೀಟಿಯ ಸಾಲಿನಲ್ಲಿ ನಾನು ನಿಂತಿರುತ್ತೇನೆ ಎಂದಷ್ಟೇ ಹೇಳಿದ. ಮಿಕ್ಕ ಒಂಬತ್ತು ಮನೆಗಳಿಗೂ ಇವತ್ತೇ ಫೋನ್ ಮಾಡುವುದಾಗಿ ಹೇಳಿದ. ಗುಂಡಣ್ಣನಿಗೆ ಬೇಸರವಾದದ್ದು ಕಾಣುತ್ತಿತ್ತು. ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಲಿಫ್ಟಿನ ಕಡೆ ಹೋದ. ಬಾಗಿಲು ತೆರೆದು ಜನ ಇಳಿದರು, ಜನ ಹತ್ತಿದರು. ಅವನು ಹತ್ತದೆ ಹಿಂದಿರುಗಿ ಬಂದ.

"ಅಳೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ?" ಎಂದು ಕೇಳಿದ. "ನಾಳೆ ನಂಗೆ ಆಫೀಸಿದೆ."

ಮೂರು ದಿನದಿಂದ ಮಹಂತೇಶ್ ಅದನ್ನು ನೋಡುತ್ತಲೇ ಇದ್ದ. ಗಂಟೆಗೊಮ್ಮೆ ಸಿಸ್ಟರ್ ಬರುವುದು, ತೋಳಿಗೆ ಪಟ್ಟಿ ಸುತ್ತುವುದು, ಗಾಳಿ ತುಂಬುವುದು, ಬಿಡುವುದು, ಬರೆದುಕೊಳ್ಳುವುದು.

"ಬಿಪಿಗೆ ಎರಡು ನಿಮಿಷ," ಎಂದ. "ಎತ್ತರಕ್ಕೆ ಅರ್ಧ ನಿಮಿಷ."

ಗುಂಡಣ್ಣ ಅವನನ್ನೇ ನೋಡುತ್ತ ನಿಂತ. ಕೈ ತಾನಾಗಿ ಜೇಬಿನ ಹಾಳೆಯ ಮೇಲೆ ಹೋಯಿತು.

"ಅಷ್ಟೇನಾ," ಎಂದ.